ರುದ್ರಪ್ಪನವರ ಮಿಲ್ಲು ನಿಂತಿದ್ದ ಮಳೆಗಾಲ

ಮೊನ್ನೆ ಸಂಜೆ ಕಡೂರಿನ ಪೇಟೆಬೀದಿಯಲ್ಲಿ ನಡೆದು ಬರುತ್ತಿದ್ದಾಗ ಇದ್ದಕ್ಕಿದ್ದಂತೆ ಮಳೆ ಹಿಡಿಯಿತು. ಛತ್ರಿಯನ್ನು ಆಫೀಸಿನಲ್ಲೇ ಮರೆತಿದ್ದೆ. ಹತ್ತಿರ ಕಂಡ ಜಗುಲಿ ಹತ್ತಿ ನಿಂತೆ. ಅದು ಹಿಟ್ಟಿನ ಮಿಲ್ಲು ಅನ್ನುವುದು ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಯಿತು. ಆಗಷ್ಟೇ ಬೀಸಿದ ರಾಗಿಹಿಟ್ಟಿನ ಬೆಚ್ಚನೆಯ ವಾಸನೆ, ಅದರ ಹಿಂದೆಯೇ ಬೆಳಿಗ್ಗೆ ಯಾರೋ ಮಾಡಿಸಿಕೊಂಡು ಹೋದ ಖಾರದಪುಡಿಯ ಘಾಟು. "ಒಳಗ್ ಬನ್ನಿ ಅಕ್ಕ, ಎರಚಲು ಬಡೀತೈತೆ," ಅಂದರು ಮಿಲ್ಲಿನವರು. ಪರವಾಗಿಲ್ಲ ಅಂದು ಅಲ್ಲೇ ನಿಂತೆ. ಒಳಗೆ ಹೋಗಿದ್ದರೆ ಮಾತಾಡಬೇಕಾಗುತ್ತಿತ್ತು. ಮನಸ್ಸು ಆಗಲೇ ತರೀಕೆರೆಗೆ ಹೋಗಿಬಿಟ್ಟಿತ್ತು.

ತರೀಕೆರೆಯ ಪುರಸಭೆಗೆ ನನಗೆ ವರ್ಗವಾಗಿದ್ದು ಬೇಸಿಗೆಯಲ್ಲಿ. ಆ ವರ್ಷವೇ ನಾನು ಅಜ್ಜಂಪುರದ ಗಂಡನ ಮನೆ ಬಿಟ್ಟು ಬಂದಿದ್ದೆ. ಜಗಳ, ಹೊಡೆತ ಅಂಥದ್ದೇನೂ ಇರಲಿಲ್ಲ. ನಮ್ಮ ನಡುವೆ ಮಾತೇ ನಿಂತುಹೋಗಿತ್ತು. ಊಟಕ್ಕೆ ಕೂತಾಗ ಉಪ್ಪು ಬೇಕಾದರೆ ಎದ್ದು ತಾವೇ ತಗೊಳ್ಳುವುದು. ಬಾಗಿಲು ಹಾಕುವಾಗ ಇನ್ನೊಬ್ಬರು ಒಳಗಿದ್ದಾರೋ ಹೊರಗಿದ್ದಾರೋ ಕೇಳದೆ ಹಾಕುವುದು. ಹೀಗೇ ಕೆಲವು ವರ್ಷ ಇದ್ದು, ಒಂದು ಬೆಳಿಗ್ಗೆ ಬಟ್ಟೆ ತುಂಬಿಕೊಂಡು ಹೊರಟೆ. ಎಲ್ಲಿಗೆ ಅಂತ ಅವರು ಆಗಲೂ ಕೇಳಲಿಲ್ಲ.

ತವರು ಸಿಂಗಟಗೆರೆ ಹತ್ತಿರದ ಹಳ್ಳಿ. ಒಂದಿಷ್ಟು ತೆಂಗು, ಮಳೆ ಬಂದರೆ ರಾಗಿ ಕೊಡುವ ಹೊಲ, ಅಮ್ಮ, ಅಣ್ಣ, ಅತ್ತಿಗೆ. ಮೊದಮೊದಲು ಶನಿವಾರ ಸಂಜೆ ಹೋಗುತ್ತಿದ್ದೆ. ಮನೆಯವರು ಏನೂ ಅನ್ನುತ್ತಿರಲಿಲ್ಲ. ನೀರಿಗೆ ಬಂದವರು, ಮಜ್ಜಿಗೆಗೆ ಬಂದವರು, "ಏನವ್ವ, ಒಬ್ಳೇ ಬಂದ್ಯಾ?" ಅನ್ನುತ್ತಿದ್ದರು. ಆ ಒಂದು ಮಾತಿಗೆ ಹೆದರಿ ಹೋಗುವುದನ್ನು ಕಮ್ಮಿ ಮಾಡಿದೆ. ಭಾನುವಾರಗಳಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದೆ. ಕಡೂರಿನ ಬಸ್ಸು ಬರುತ್ತಿತ್ತು, ಹೋಗುತ್ತಿತ್ತು. ಅಜ್ಜಂಪುರದ ಬಸ್ಸು ಬಂದಾಗ ಮಾತ್ರ ತಲೆ ತಗ್ಗಿಸಿ ಫೋನು ನೋಡುತ್ತಿದ್ದೆ, ಗುರುತಿನವರು ಇಳಿದಾರು ಅಂತ. ಹೋಟೆಲಿನಲ್ಲಿ ಊಟ ಮುಗಿಸಿ ರೂಮಿಗೆ ಬಂದರೆ ಸೋಮವಾರ ಬೆಳಿಗ್ಗೆಯವರೆಗೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ.

ಆಫೀಸಿನಲ್ಲಿ ನನಗೆ ಕೊಟ್ಟಿದ್ದು ಖಾತೆ ಮತ್ತು ಲೈಸೆನ್ಸಿನ ಟೇಬಲ್ಲು. ಅಣ್ಣತಮ್ಮಂದಿರು ಮನೆ ಭಾಗ ಮಾಡಿಕೊಂಡು ಬರುತ್ತಿದ್ದರು, ಸೈಟಿನ ಚಕ್ಕುಬಂದಿ ತಪ್ಪಾಗಿದೆ ಅಂತ ಬರುತ್ತಿದ್ದರು, ಟೀ ಅಂಗಡಿ, ಸಲೂನು, ಕೋಳಿ ಅಂಗಡಿಯವರು ಪರವಾನಗಿ ನವೀಕರಣಕ್ಕೆ ಬರುತ್ತಿದ್ದರು. ತಿಂಗಳ ಮೀಟಿಂಗಿನಲ್ಲಿ ಕೌನ್ಸಿಲರುಗಳು ಬೀದಿದೀಪಕ್ಕೂ ಬೀದಿನಾಯಿಗೂ ಗಂಟೆಗಟ್ಟಲೆ ಕೂಗಾಡಿ, ಊಟದ ಹೊತ್ತು ಹತ್ತಿರ ಬಂದಾಗ ಉಳಿದ ವಿಷಯಗಳಿಗೆಲ್ಲ ಒಂದೇ ಉಸಿರಿಗೆ ಒಪ್ಪಿಗೆ ಕೊಡುತ್ತಿದ್ದರು. ಬೇಸರದ ಕೆಲಸ ಅಂತ ಬೇರೆಯವರು ಅನ್ನುತ್ತಿದ್ದರು. ನನಗೆ ಹಾಗನ್ನಿಸಲಿಲ್ಲ. ದಿನವಿಡೀ ಯಾರಾದರೊಬ್ಬರು ಎದುರಿಗೆ ಬಂದು ನಿಂತು ಮಾತಾಡುತ್ತಿದ್ದರು.

ಒಂದು ದಿನ ಪಾರ್ವತಮ್ಮ ಬಂದು ನಿಂತರು. ಅರವತ್ತು ದಾಟಿದ, ತೆಳ್ಳಗಿನ, ನೆಟ್ಟಗೆ ನಿಲ್ಲುವ ಹೆಂಗಸು. ಪಕ್ಕದ ಹಿಟ್ಟಿನ ಮಿಲ್ಲಿನ ಲೈಸೆನ್ಸು ನವೀಕರಣ ಮಾಡಕೂಡದು ಅಂತ ತಕರಾರು ತಂದಿದ್ದರು.

"ನಮ್ಮನೆಯವ್ರಿಗೆ ಲಕ್ವ ಹೊಡ್ದೈತಮ್ಮ. ಮಲಗಿದಲ್ಲೇ ಎಲ್ಲಾ. ಮಾತೂ ಹೋಯ್ತು. ಆ ಮಿಷನ್ ಹಾಕ್ದಾಗ್ಲೆಲ್ಲ ಮಂಚ ನಡುಗ್ತದೆ, ಇವ್ರು ಬೆಚ್ಚಿ ಬೀಳ್ತಾರೆ. ಕಣ್ಣಲ್ಲಿ ನೀರು ಸುರೀತದೆ. ಏನಾಯ್ತು ಅಂತ ಹೇಳೋಕೆ ಬರಲ್ಲ ಅವ್ರಿಗೆ."

"ಮಿಲ್ಲಿನವರಿಗೆ ಹೇಳಿ ನೋಡಿದ್ರಾ?" ಅಂದೆ.

"ಹೇಳ್ದೆ," ಅಂದರು. ಅಷ್ಟೇ.

ಹೆಲ್ತ್ ಇನ್‌ಸ್ಪೆಕ್ಟರ್ ಲೋಕೇಶ್ ಜೊತೆ ಸ್ಥಳ ನೋಡಲು ನಾನೂ ಹೋದೆ. ಹಳೇ ಬೀದಿ, ಹಂಚಿನ ಮನೆಗಳು ಒಂದಕ್ಕೊಂದು ಭುಜ ತಾಗಿಸಿ ನಿಂತಿದ್ದವು. ಮಿಲ್ಲಿಗೂ ಪಾರ್ವತಮ್ಮನವರ ಮನೆಗೂ ಒಂದೇ ನಡುಗೋಡೆ. ಗೋಡೆಯ ಈ ಕಡೆ ಮೋಟಾರು, ಆ ಕಡೆ ಮಂಚ. ಮಂಚದ ಮೇಲೆ ಶಿವಲಿಂಗಪ್ಪನವರು ಮಲಗಿದ್ದರು. ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದವರು. ಬಾಯಿ ಒಂದು ಕಡೆಗೆ ವಾಲಿತ್ತು. ಕಣ್ಣು ಮಾತ್ರ ಚುರುಕಾಗಿ ನಮ್ಮನ್ನೇ ನೋಡುತ್ತಿತ್ತು.

ಮಿಲ್ಲಿನ ರುದ್ರಪ್ಪನವರು ರೆಪ್ಪೆಯ ಮೇಲೆಲ್ಲ ಹಿಟ್ಟು ಕೂತಿದ್ದ ದಪ್ಪನೆಯ ಮನುಷ್ಯ. ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು. ಒಬ್ಬಳೇ ಮಗಳನ್ನು ಬುಕ್ಕಾಂಬುಧಿಗೆ ಕೊಟ್ಟಿದ್ದರು. ಮಿಲ್ಲಿನ ಹಿಂದಿನ ಕೋಣೆಯಲ್ಲೇ ಅಡಿಗೆ, ವಾಸ. ಲೋಕೇಶ್ ತಕರಾರಿನ ವಿಷಯ ಹೇಳಿದ ಕೂಡಲೇ ಅವರು ನಮ್ಮನ್ನು ಬಿಟ್ಟು ಹೊರಗೆ ಬಂದು, ಪಕ್ಕದ ಬಾಗಿಲಲ್ಲಿ ನಿಂತಿದ್ದ ಪಾರ್ವತಮ್ಮನವರನ್ನೇ ಕೇಳಿದರು.

"ಆಫೀಸಿಗ್ ಹೋಗ್ಬೇಕಿತ್ತಾ ಪಾರ್ವತಕ್ಕ? ಈ ಬಾಗ್ಲಿಂದ ಆ ಬಾಗ್ಲಿಗೆ ಒಂದ್ ಮಾತು ಕೂಗಿದ್ರೆ ಆಗ್ತಿರ್ಲಿಲ್ವಾ?"

"ಕೂಗ್ದೆ ಕಣಪ್ಪ," ಅಂದರು ಪಾರ್ವತಮ್ಮ. "ಎಷ್ಟು ಸಲ ಕೂಗ್ದೆ. ನಿನ್ ಮಿಷನ್ ಸದ್ದಲ್ಲಿ ನಿಂಗೆ ಕೇಳಿಸ್ತಾ?"

ರುದ್ರಪ್ಪನವರು ಒಳಗೆ ಹೊರಟುಹೋದರು. ಆಮೇಲೆ ಲೋಕೇಶ್ ಹೇಳಿ ಗೊತ್ತಾಯಿತು: ಶಿವಲಿಂಗಪ್ಪನವರೂ ಇವರೂ ಬಲು ಹಳೇ ಸ್ನೇಹಿತರು. ಮಂಡಿಯಿಂದ ಬಂದವರು ಮನೆಗೆ ಕಾಲಿಡುವ ಮೊದಲು ಮಿಲ್ಲಿನ ಜಗುಲಿಯಲ್ಲಿ ಕೂತು, ಪೇಪರು ಗಟ್ಟಿಯಾಗಿ ಓದಿ, ಸರ್ಕಾರಕ್ಕೆ ಇಬ್ಬರೂ ಸೇರಿ ಬೈದು ಹೋಗುತ್ತಿದ್ದರಂತೆ.

ನಮ್ಮ ಮುಖ್ಯಾಧಿಕಾರಿ ಸಾಹೇಬರು ಹಾಕಿದ ಷರತ್ತು ದೊಡ್ಡದೇನಾಗಿರಲಿಲ್ಲ. ಮೋಟಾರನ್ನು ನಡುಗೋಡೆಯಿಂದ ಎದುರು ಗೋಡೆಗೆ ಸರಿಸಬೇಕು, ಕೆಳಗೆ ರಬ್ಬರು ಹಾಸಬೇಕು, ಅಲ್ಲಿಯತನಕ ಮಿಷನ್ ಹಾಕುವಂತಿಲ್ಲ. ನಾನೇ ಹೋಗಿ ಹೇಳಿದೆ. ರುದ್ರಪ್ಪ ಕೇಳಿಸಿಕೊಂಡು ಷಟರ್ ಎಳೆದುಬಿಟ್ಟರು.

"ಎರಡು ದಿನದ ಕೆಲಸ ರುದ್ರಪ್ಪನವ್ರೇ, ಸರಿಸಿಬಿಡಿ," ಅಂದೆ.

"ಸರಿಸಾಕಾಗಲ್ಲ ಅಂತಲ್ಲ ಮೇಡಂ. ಸರಿಸಲ್ಲ," ಅಂದರು. "ಹೊಟ್ಟೆಗೆ ನನ್ ತೆಂಗಿನಮರ ಸಾಕು. ಅವ್ನು ಮಲಿಕ್ಕಳ್ಲಿ ಬಿಡಿ ನೆಮ್ಮದಿಯಾಗಿ. ಆದ್ರೆ ಆಯಮ್ಮನ್ ಜೊತೆ ಇನ್ ನನ್ ಮಾತಿಲ್ಲ."

ಮಳೆ ಶುರುವಾಯಿತು. ಪಡುವಣದ ಗುಡ್ಡಗಳ ಮೇಲೆ ಮೋಡ ಕೂತರೆ ಏಳುತ್ತಲೇ ಇರಲಿಲ್ಲ. ದಪ್ಪ ಮಳೆಯಲ್ಲ, ಬೆಳಿಗ್ಗೆ ಹಿಡಿದರೆ ಸಂಜೆಯವರೆಗೂ ಸಣ್ಣಗೆ ಜಿನುಗುವ ಸೋನೆ. ಆಫೀಸಿಗೆ ಜನ ಬರುವುದು ಕಮ್ಮಿಯಾಯಿತು. ನನ್ನ ರೂಮು ಆ ಬೀದಿಯಿಂದ ಸ್ವಲ್ಪ ಮುಂದೆ. ದಿನವೂ ಅಲ್ಲೇ ಹಾದು ಹೋಗಬೇಕು. ಮುಚ್ಚಿದ ಷಟರಿನ ಮುಂದೆ ರುದ್ರಪ್ಪ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಹಿಟ್ಟು ತೊಳೆದುಹೋದ ಮುಖದಲ್ಲಿ ಬೇರೆ ಮನುಷ್ಯನ ಹಾಗೆ ಕಾಣುತ್ತಿದ್ದರು. ಪಕ್ಕದ ಬಾಗಿಲಲ್ಲಿ ಪಾರ್ವತಮ್ಮ ಅಕ್ಕಿ ಆರಿಸುತ್ತಲೋ, ಸುಮ್ಮನೆ ಬೀದಿ ನೋಡುತ್ತಲೋ ಕೂತಿರುತ್ತಿದ್ದರು. ನಡುವೆ ಎರಡು ಮಾರು ಜಾಗವೂ ಇರಲಿಲ್ಲ. ಇಬ್ಬರೂ ನನ್ನನ್ನು ಮಾತಾಡಿಸುತ್ತಿದ್ದರು, ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಅಜ್ಜಂಪುರದ ಮನೆಯ ಊಟದ ಹೊತ್ತು ನೆನಪಿಗೆ ಬಂದು, ನಾನು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದೆ.

ಆ ದಿನಗಳಲ್ಲೇ ಅಮ್ಮ ಬಸ್ ಕಂಡಕ್ಟರ್ ಕೈಲಿ ಒಂದು ಚೀಲ ರಾಗಿ ಕಳಿಸಿದಳು. "ಹಿಟ್ಟು ಮಾಡಿಸ್ಕಂಡು ಒಂದೊತ್ತಾದ್ರೂ ಮುದ್ದೆ ತಿನ್ನು. ಹೋಟ್ಲೂಟ ತಿಂದು ಎಷ್ಟಾಗಿದೀಯೋ ಏನೋ," ಅಂತ ಫೋನಿನಲ್ಲಿ ಹೇಳಿದಳು. ಚೀಲವನ್ನು ರೂಮಿನ ಮೂಲೆಯಲ್ಲಿಟ್ಟೆ. ಒಬ್ಬಳಿಗೆ ಮುದ್ದೆ ತಿರುವುವುದು ಹೇಗೆ? ಮುದ್ದೆಕೋಲನ್ನು ನೆನೆದರೇ ಹಸಿವು ಹೋಗಿಬಿಡುತ್ತಿತ್ತು.

ಶ್ರಾವಣದಲ್ಲಿ ಶಿವಲಿಂಗಪ್ಪನವರು ತೀರಿಕೊಂಡರು. ನನಗೆ ಗೊತ್ತಾಗಿದ್ದು ರುದ್ರಪ್ಪನವರಿಂದ. ಮರಣ ನೋಂದಣಿಗೆ ಅಂತ ಆಫೀಸಿಗೆ ಬಂದಿದ್ದರು. ಪಂಚೆಯ ಅಂಚಿನಲ್ಲಿ ಮಣ್ಣಿತ್ತು. ಮಣ್ಣಿಗೆ ಇಳಿಸುವತನಕ ಹೆಗಲು ಕೊಟ್ಟು ಬಂದವರು. ಪಕ್ಕದ ಟೇಬಲ್ಲಿನವರು ವಿವರ ಕೇಳುತ್ತಾ, "ನೀವು ಅವರಿಗೆ ಏನಾಗ್ಬೇಕು?" ಅಂದರು.

"ಪಕ್ಕದ್ಮನೆ," ಅಂದರು ರುದ್ರಪ್ಪ. ಬರೆಯಲು ಹೊರಟವರ ಕೈಯನ್ನು ತಡೆದು, "ಅಲ್ಲ... ಸ್ನೇಹಿತ ಅಂತ ಬರ್ಕಳಿ," ಅಂದರು. ಆಮೇಲೆ ಗೋಡೆಯ ಕಡೆ ತಿರುಗಿ ನಿಂತರು. ನಾನು ಒಂದು ಲೋಟ ನೀರು ತಂದುಕೊಟ್ಟೆ. ಕುಡಿದು, ಲೋಟ ಕೆಳಗಿಟ್ಟು, "ಆಯಮ್ಮನ್ನ ಒಂದ್ಸಲ ನೋಡಿ ಬನ್ನಿ ಮೇಡಂ, ನಾನ್ ಹೇಳ್ದೆ ಅನ್ಬೇಡಿ," ಅಂದರು.

ಹೋಗಿ ನೋಡಿ ಬಂದೆ. ಮಂಚ ಎತ್ತಿಟ್ಟಿದ್ದರು. ನಡುಗೋಡೆಯ ಕೆಳಗೆ ನೆಲದ ಮೇಲೆ ಅದರ ಕಾಲುಗಳ ಗುರುತು ಹಾಗೇ ಇತ್ತು. ಪಾರ್ವತಮ್ಮ ಅಳಲಿಲ್ಲ. ಕಾಫಿ ಕೊಟ್ಟರು. ನಾವಿಬ್ಬರೂ ಕಾಫಿ ಕುಡಿದು ಮುಗಿಸುವವರೆಗೆ ಹಂಚಿನಿಂದ ತೊಟ್ಟಿಕ್ಕುವ ನೀರಿನ ಸದ್ದು ಬಿಟ್ಟರೆ ಆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ.

ತಿಥಿ ಎಲ್ಲ ಮುಗಿದ ಮೇಲೆ ಅವರು ಪೌತಿ ಖಾತೆಗೆ ಬಂದರು. ಗಂಡನ ಹೆಸರಿನಲ್ಲಿದ್ದ ಮನೆ ಅವರ ಹೆಸರಿಗೆ ಆಗಬೇಕಿತ್ತು. ಮಕ್ಕಳಿರಲಿಲ್ಲ. ವಂಶವೃಕ್ಷದಲ್ಲಿ ಶಿವಲಿಂಗಪ್ಪನವರ ಕೆಳಗೆ ಒಂದೇ ಗೆರೆ, ಗೆರೆಯ ತುದಿಗೆ ಒಂದೇ ಹೆಸರು. ಇಷ್ಟು ಸಲೀಸಾದ ಪೌತಿ ಖಾತೆ ನಾನು ಮಾಡಿದ್ದೇ ಇಲ್ಲ. ತಕರಾರು ಮಾಡಲು ಯಾರೂ ಇರಲಿಲ್ಲ. ಸಹಿ ಹಾಕಿದ ಮೇಲೂ ಅವರು ಏಳಲಿಲ್ಲ.

"ಆ ಮಿಷನ್ ತಕರಾರು ವಾಪಸ್ ತಗಬೌದಾಮ್ಮ?" ಅಂದರು.

ನಾನು ತಲೆಯೆತ್ತಿ ನೋಡಿದೆ.

"ನಾನ್ ಮಾಡಿದ್ದು ತಪ್ಪು ಅಂತ ಬಂದಿಲ್ಲ ನಾನು," ಅಂದರು ನೆಟ್ಟಗೆ ಕೂತು. "ಮಿಷನ್ ನಿಂತ್ಮೇಲೆ ಅವ್ರು ನಿದ್ದೆ ಮಾಡಿದ್ರು. ಹೋಗೋತನಕ ಬೆಚ್ಚಿ ಬೀಳ್ಲಿಲ್ಲ. ಅಷ್ಟು ಸಾಕಿತ್ತು ನಂಗೆ. ಆದ್ರೆ ಈಗ ಆ ಮನೇಲಿ ನಿದ್ದೆ ಮಾಡೋರು ಯಾರವ್ರೆ? ಸದ್ದಾಗ್ಲಿ. ಆ ರುದ್ರಪ್ಪ ಬೆಳಗಿಂದ ಸಂಜೆಗಂಟ ಆ ಕುರ್ಚಿ ಮೇಲೆ ಕೂತಿರೋದು ನೋಡಾಕಾಗಲ್ಲ ನನ್ ಕೈಲಿ."

ತಕರಾರು ವಾಪಸ್ಸಾಯಿತು. ಷರತ್ತು ಹಾಗೇ ಉಳಿಯಿತು. ಮೋಟಾರು ಸರಿಸಲೇಬೇಕು ಅಂದರು ಸಾಹೇಬರು. ಸಂಜೆ ಹೋಗಿ ರುದ್ರಪ್ಪನವರಿಗೆ ಹೇಳಿದೆ. ಅವರು ಬೀದಿ ನೋಡುತ್ತಾ ಕೇಳಿದರು: "ಇದು ಆಫೀಸಿನ್ ಮಾತಾ, ಆಯಮ್ಮನ್ ಮಾತಾ?"

"ಎರಡೂ," ಅಂದೆ.

"ಆಯಮ್ಮಂದಾದ್ರೆ ಆಯಮ್ಮನೇ ಹೇಳ್ಲಿ."

ಪಕ್ಕದ ಬಾಗಿಲಲ್ಲೇ ಪಾರ್ವತಮ್ಮ ಕೂತಿದ್ದರು. ಎಲ್ಲ ಕೇಳಿಸುತ್ತಿತ್ತು ಅವರಿಗೆ. "ಕೂಗಿ ಕೂಗಿ ನಂಗೆ ಸಾಕಾಗೈತೆ ಅಂತ ಹೇಳಮ್ಮ ಅವ್ನಿಗೆ," ಅಂತ ನನಗೆ ಹೇಳಿ ಒಳಗೆ ಎದ್ದುಹೋದರು.

ಗೌರಿಹಬ್ಬ ಬಂತು, ಹೋಯಿತು. ಷಟರ್ ಮೇಲೇಳಲಿಲ್ಲ. ಒಂದು ಭಾನುವಾರ ಬಸ್‌ಸ್ಟ್ಯಾಂಡಿಗೆ ಹೋಗಲು ಮನಸ್ಸಾಗದೆ ರೂಮಿನಲ್ಲೇ ಇದ್ದೆ. ಅಮ್ಮ ಕಳಿಸಿದ ರಾಗಿ ಚೀಲ ಕಣ್ಣಿಗೆ ಬಿತ್ತು. ಬಿಚ್ಚಿ ನೋಡಿದರೆ ಮಳೆಗಾಲದ ಥಂಡಿಗೆ ಮುಗ್ಗಲು ವಾಸನೆ ಹಿಡಿಯುವ ಹಾಗಿತ್ತು. ಅಮ್ಮ ಕಣ್ಣು ಸರಿಯಾಗಿ ಕಾಣದಿದ್ದರೂ ಕೂತು ಕೇರಿ, ಕಲ್ಲು ಆರಿಸಿ ಕಳಿಸಿದ್ದು. ಅದನ್ನು ಹಾಳು ಮಾಡುತ್ತಿದ್ದೇನಲ್ಲ ಅಂತ ಸಂಕಟವಾಯಿತು. ಒಂದಿಷ್ಟನ್ನು ಕೈಚೀಲಕ್ಕೆ ಹಾಕಿಕೊಂಡು ನೇರ ರುದ್ರಪ್ಪನವರ ಮುಂದೆ ಹೋಗಿ ನಿಂತೆ.

"ನಮ್ಮಮ್ಮ ಕಳಿಸಿದ ರಾಗಿ. ಹಾಳಾಗ್ತಾ ಐತೆ. ಹಿಟ್ಟು ಮಾಡಿಕೊಡಿ," ಅಂದೆ. ನಮ್ಮೂರಿನ ಮಾತು ತಾನಾಗಿ ಬಂದಿತ್ತು.

ಅವರು ನನ್ನ ಮುಖ ನೋಡಿ, ಆ ಮಳೆಗಾಲದಲ್ಲಿ ಮೊದಲ ಸಲ ನಕ್ಕರು. "ಲೈಸೆನ್ಸಿಲ್ದೆ ಬೀಸಿದ್ರೆ ನಾಳೆ ನೀವೇ ನೋಟಿಸ್ ತರ್ತೀರಿ."

"ಹೌದು, ತರ್ತೀನಿ."

"ಬಸ್‌ಸ್ಟ್ಯಾಂಡ್ ತಾವ ಇನ್ನೊಂದ್ ಮಿಲ್ಲೈತಲ್ಲ."

"ನಂಗೆ ಅಲ್ಲಿ ಯಾರೂ ಗೊತ್ತಿಲ್ಲ ರುದ್ರಪ್ಪನವ್ರೇ. ಈ ಊರಲ್ಲಿ ನಂಗೆ ಗೊತ್ತಿರೋರು ನೀವಿಬ್ರೇ," ಅಂದೆ. ಹೇಳಬೇಕು ಅಂದುಕೊಂಡು ಹೇಳಿದ್ದಲ್ಲ. ಅವರು ನಗುವುದನ್ನು ನಿಲ್ಲಿಸಿದರು. ನನ್ನ ಕೈಯಿಂದ ಚೀಲ ಇಸಿದುಕೊಂಡು, ರಾಗಿಯನ್ನು ಅಂಗೈಗೆ ಸುರಿದುಕೊಂಡು, ಒಂದೆರಡು ಕಾಳು ಬಾಯಿಗೆ ಹಾಕಿ ಕಡಿದು ನೋಡಿದರು.

"ಇದುನ್ನ ಇಲ್ಲೇ ಬಿಟ್ಟೋಗಿ. ಬಿಸ್ಲಿಗಾಕ್ತೀನಿ," ಅಂದರು.

ಆ ವಾರವೇ ಮೋಟಾರು ಎದುರು ಗೋಡೆಗೆ ಹೋಯಿತು. ಲೋಕೇಶ್ ನೋಡಿ ಬಂದ. ಮುಂದಿನ ಮೀಟಿಂಗಿನಲ್ಲಿ, ಹಂದಿ ಹಿಡಿಸುವ ವಿಷಯದ ದೊಡ್ಡ ಗದ್ದಲ ಮುಗಿದು ಎಲ್ಲರೂ ಕುರ್ಚಿ ಹಿಂದೆ ಸರಿಸುತ್ತಿದ್ದಾಗ, ಉದ್ದಿಮೆ ಪರವಾನಗಿಗಳ ವಿಷಯ ಓದಲಾಯಿತು. ಯಾರೂ ಏನೂ ಕೇಳಲಿಲ್ಲ. ಒಬ್ಬ ಕೌನ್ಸಿಲರು ಆಕಳಿಸಿ, "ಓಕೆ ಓಕೆ," ಅಂದರು. ಅಲ್ಲಿಗೆ ಮುಗಿದುಹೋಯಿತು. ನನಗೆ ಮಾತ್ರ ಯಾರಿಗಾದರೂ ಕೂಗಿ ಹೇಳಬೇಕು ಅನ್ನಿಸಿತು. ಹೇಳುವುದಕ್ಕೆ ಆ ಹಾಲಿನಲ್ಲಿ ಯಾರೂ ಇರಲಿಲ್ಲ.

ಮಿಲ್ಲು ತೆರೆದ ದಿನ ಆಫೀಸು ಬಿಟ್ಟ ಮೇಲೆ ಹೋದೆ. ಊದುಬತ್ತಿ ಹೊಗೆ, ಮಿಷನ್ನಿಗೆ ಹೂವು. ಗಿರಾಕಿಗಳು ಮಾತ್ರ ಇರಲಿಲ್ಲ. ಇಷ್ಟು ತಿಂಗಳು ಮುಚ್ಚಿದ್ದರಿಂದ ಜನ ಬೇರೆ ಕಡೆ ರೂಢಿ ಮಾಡಿಕೊಂಡಿದ್ದರು. ರುದ್ರಪ್ಪ ನನ್ನ ರಾಗಿಯನ್ನು ಎತ್ತಿ ನೋಡಿ ಹಣೆ ಉಜ್ಜಿಕೊಂಡರು.

"ಇಷ್ಟಕ್ಕೇ ಮಿಷನ್ ಹಾಕಿದ್ರೆ ಅರ್ಧ ಒಳಗೇ ಕೂತ್ಕಂಬಿಡ್ತದೆ ಮೇಡಂ. ನಿಮ್ಗೇನ್ ಸಿಗ್ತದೆ?"

"ಒಬ್ಬಳಿಗೆ ಇಷ್ಟು ಸಾಕು ಅಂತ ತಂದೆ," ಅಂದೆ.

ಬಾಗಿಲಲ್ಲಿ ನೆರಳು ಕಾಣಿಸಿತು. ಪಾರ್ವತಮ್ಮ ಒಂದು ಪಾತ್ರೆ ಹಿಡಿದು ನಿಂತಿದ್ದರು. ಅದರಲ್ಲಿದ್ದ ರಾಗಿಯೂ ಅಷ್ಟೇ, ಒಬ್ಬರಿಗಾಗುವಷ್ಟು. ರುದ್ರಪ್ಪನವರ ಕಡೆ ನೋಡದೆ ನನ್ನ ಹತ್ತಿರ ಬಂದು, "ನಂದೂ ನಿಂದೂ ಒಟ್ಟಿಗೆ ಹಾಕು ಅಂತ ಹೇಳಮ್ಮ," ಅಂದರು.

"ಒಟ್ಟಿಗೆ ಹಾಕಬೇಕಂತೆ," ಅಂದೆ ನಾನು.

"ಹಾಕ್ತೀನಿ ಅಂತ ಹೇಳಿ ಮೇಡಂ," ಅಂದರು ರುದ್ರಪ್ಪ.

ನನ್ನಮ್ಮನ ರಾಗಿಯೂ ಪಾರ್ವತಮ್ಮನವರ ರಾಗಿಯೂ ಮಿಷನ್ನಿನ ಬಾಯಿಗೆ ಒಟ್ಟಿಗೇ ಬಿದ್ದವು. ಸದ್ದು ಜೋರಾಗಿಯೇ ಇತ್ತು. ಆ ಸದ್ದಿನಲ್ಲಿ ಯಾರೂ ಮಾತಾಡಬೇಕಾಗಿರಲಿಲ್ಲ. ಹಿಟ್ಟು ಬಂದ ಮೇಲೆ ಪಾರ್ವತಮ್ಮ ಸಮನಾಗಿ ಹಂಚಿ, "ಬಾ, ಇವತ್ತು ನಮ್ಮನೇಲೇ ಮುದ್ದೆ ಮಾಡಣ. ಒಬ್ಳಿಗೆ ತಿರುವಿ ತಿರುವಿ ಸಾಕಾಗೈತೆ," ಅಂದರು. ಹುರುಳಿಕಾಳು ಸಾರು ಮಾಡಿದ್ದರು. ಎಷ್ಟೋ ತಿಂಗಳ ಮೇಲೆ ನಾನು ಎರಡನೇ ಸಲ ಬಡಿಸಿಕೊಂಡು ತಿಂದೆ.

ಆಮೇಲೆ ಅದೇ ರೂಢಿಯಾಯಿತು. ಹಿಟ್ಟು ಮುಗಿದಾಗಲೆಲ್ಲ ನಾವಿಬ್ಬರೂ ಕೂಡಿ ಹೋಗುವುದು, ಒಟ್ಟಿಗೆ ಹಾಕಿಸುವುದು. ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿದರು. ಆದರೆ ಅವರಿಬ್ಬರ ನಡುವಿನ ಮಾತು ಮರಳಲಿಲ್ಲ. "ಹಿಟ್ಟು ತರಿ ಆಗೈತೆ ಅಂತ ಹೇಳಮ್ಮ," "ರಾಗಿ ಹಸಿ ಐತೆ ಅಂತ ಹೇಳಿ ಮೇಡಂ." ಮೂರು ಜನ ನಿಂತಿದ್ದ ಆ ಸಣ್ಣ ಜಾಗದಲ್ಲಿ ಎಲ್ಲ ಮಾತೂ ನನ್ನ ಮೂಲಕವೇ ಹೋಗಿ ಬರಬೇಕಿತ್ತು. ನಗು ಬರುತ್ತಿತ್ತು. ನನ್ನ ಅವಶ್ಯಕತೆ ಯಾರಿಗೋ ಇದೆ ಅನ್ನುವುದು ಒಳಗೊಳಗೇ ಹಿತವಾಗಿಯೂ ಇತ್ತು. ದೀಪಾವಳಿಗೆ ಊರಿಗೆ ಹೋದೆ. "ಒಬ್ಳೇ ಬಂದ್ಯಾ?" ಅಂದವರಿಗೆ "ಹ್ಞೂ, ಒಬ್ಳೇ" ಅಂದೆ. ಅಷ್ಟಕ್ಕೇ ಆ ಮಾತು ಮುಗಿಯಿತು.

ಮರುವರ್ಷ ಮಳೆ ಹಿಡಿಯುವ ಮುಂಚೆ ನನಗೆ ಕಡೂರಿಗೆ ವರ್ಗವಾಯಿತು. ಹೊರಡುವ ದಿನ, ಸಾಮಾನೆಲ್ಲ ಮುಂದೆ ಕಳಿಸಿ, ಕೊನೆಯ ಸಲ ಇಬ್ಬರ ರಾಗಿಯನ್ನೂ ಹಾಕಿಸಿಕೊಂಡೆವು. ಪಾರ್ವತಮ್ಮ ಹಿಟ್ಟನ್ನು ಹಂಚುತ್ತಾ ನನಗೇ ಹೆಚ್ಚು ಹಾಕಿದರು.

"ಇನ್ನು ಅಂಗ್ಡಿ ಪಾಕೀಟೇ ಸೈ ನಂಗೆ," ಅಂದರು. "ನನ್ನೊಬ್ಬಳ ರಾಗಿಗೆ ಮಿಷನ್ ಹಾಕು ಅನ್ನಾಕಾಗ್ತದಾ?"

ರುದ್ರಪ್ಪ ನಮಗೆ ಬೆನ್ನು ಮಾಡಿ ಬೆಲ್ಟು ಸರಿಮಾಡುತ್ತಿದ್ದರು. ಕೈ ನಿಂತಿತು. ತಿರುಗಲಿಲ್ಲ.

"ನಾನೇನ್ ಗಾಳಿ ಕುಡ್ದು ಬದುಕ್ತೀನಾ ಪಾರ್ವತಕ್ಕ? ನಂಗೂ ಹಿಟ್ಟು ಬೇಕಲ್ಲ. ನಂದೂ ನಿಂದೂ ಒಟ್ಟಿಗೆ ಹಾಕಣ."

ಪಾರ್ವತಮ್ಮ ಈ ಸಲ ನನ್ನ ಕಡೆ ನೋಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡರು.

"ನಿನ್ ರಾಗಿ ನೋಡಿದೀನಿ ನಾನು. ಬರೀ ಕಲ್ಲು."

"ನೀನೇ ಕೇರ್ಕೊಡು ಹಂಗಾರೆ."

"ಮೊರ ಎಲ್ಲೈತೆ ನಿನ್ ತಾವ? ಅದನ್ನೂ ನಾನೇ ತರ್ಬೇಕಾ?"

ನಾನು ಹಿಟ್ಟಿನ ಚೀಲ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದೆ, ಯಾರಾದರೂ "ಹೇಳಮ್ಮ" ಅಂದಾರು ಅಂತ. ಯಾರೂ ಅನ್ನಲಿಲ್ಲ. "ಬತ್ತೀನಿ" ಅಂದೆ. ಇಬ್ಬರೂ ತಿರುಗಿ ನೋಡಿದರು, ಹುಷಾರು ಅಂದರು, ಪಾರ್ವತಮ್ಮ ಬೀದಿಯವರೆಗೆ ಬಂದು ಕೆನ್ನೆ ಸವರಿ ನೆಟಿಕೆ ಮುರಿದರು. ಆಮೇಲೆ ಅವರು ಮೊರ ತರಲು ಒಳಗೆ ಹೋದರು, ನಾನು ಬಸ್‌ಸ್ಟ್ಯಾಂಡಿನ ದಾರಿ ಹಿಡಿದೆ.

ಬಸ್ಸು ಖಾಲಿಯಿತ್ತು. ಕಿಟಕಿ ಪಕ್ಕ ಕೂತು ಹಿಟ್ಟಿನ ಚೀಲವನ್ನು ಪಕ್ಕದ ಸೀಟಿನಲ್ಲಿಟ್ಟೆ. ಬೀರೂರಿನಲ್ಲಿ ಒಬ್ಬ ಹೆಂಗಸು ಹತ್ತಿ, ಚೀಲವನ್ನೂ ನನ್ನನ್ನೂ ನೋಡಿ, "ಇಲ್ ಯಾರಾದ್ರೂ ಅವ್ರಾ?" ಅಂದಳು.

"ಯಾರೂ ಇಲ್ಲ, ಬನ್ನಿ," ಅಂದೆ. ಚೀಲವನ್ನೆತ್ತಿ ತೊಡೆಯ ಮೇಲಿಟ್ಟುಕೊಂಡೆ.